ಮುಖ ನೋಡಿ ಆಟಿಸಂ ಹೇಳಲಾಗದು

ಕಣ್ಣುಗಳ ಅಂತರ, ಅಗಲ ಹಣೆ ನೋಡಿಯೇ ಆಟಿಸಂ (ಮಾತು, ಒಡನಾಟ, ವರ್ತನೆ ಬೇರೆ ರೀತಿ ಇರುವ ಬೆಳವಣಿಗೆಯ ಸ್ಥಿತಿ) ಗುರುತಿಸಬಹುದು ಎಂಬ, ಇಲ್ಲಿ ಪ್ರಕಟವಾದ ಲೇಖನದ ಮಾತು ಒಪ್ಪುವಂಥದ್ದಲ್ಲ. 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುವ ಡೌನ್ ಸಿಂಡ್ರೋಮ್‌ನ ಗುರುತು ಮುಖದಲ್ಲಿ ಕಾಣುತ್ತದೆ; ಜನ ಎರಡನ್ನೂ ಬೆರೆಸಿಬಿಡುತ್ತಾರೆ. ಫ್ರಾಜೈಲ್ ಎಕ್ಸ್ ಎಂಬ ವಂಶವಾಹಿ ತೊಂದರೆ ಇರುವ ಹಲವರಿಗೆ ಉದ್ದ ಮುಖ, ದೊಡ್ಡ ಕಿವಿ, ಜೊತೆಗೆ ಆಟಿಸಮ್ಮೂ ಇರುತ್ತದೆ, ನಿಜ. ಆದರೆ ಆ ಮುಖ ಕೊಟ್ಟಿದ್ದು ಫ್ರಾಜೈಲ್ ಎಕ್ಸ್. ಆಟಿಸಂ ಇರುವವರ ಮುಖ ಅಳೆದ ಅಧ್ಯಯನಗಳಲ್ಲಿ, ಗುಂಪಿನ ಸರಾಸರಿಯಲ್ಲಿ ಸಿಕ್ಕ ಸಣ್ಣ ವ್ಯತ್ಯಾಸ ಹಿಡಿದು ಎದುರಿಗಿರುವ ಮಗುವಿನ ಬಗ್ಗೆ ತೀರ್ಪು ಕೊಡುವುದು ಹೇಗೆ?

ನನ್ನ ತಂಗಿಯ ಮಗನಿಗೆ ಆಟಿಸಂ ಇದೆ; ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಬೆಳೆದವನು. ಮನೆಯಲ್ಲಿ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಮಾತು ತಡವಾದಾಗ ನೆಂಟರೆಲ್ಲ, "ಭಾಷೆಗಳ ಗೊಂದಲ ಕಣೇ, ಮುಖ ನೋಡು, ಎಷ್ಟು ಕಳೆಯಾಗಿದೆ!" ಅಂದರು. (ಹಲವು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಬರುವುದಿಲ್ಲ, ಅದು ಇನ್ನೊಂದು ಭ್ರಮೆ.) ಆ ಕಳೆಯಾದ ಮುಖವೇ ತಪಾಸಣೆಯನ್ನು ಮುಂದೂಡಿಸಿತು. ಈಗಲೂ ಲೋಕಲ್ ರೈಲಿನ ಗದ್ದಲಕ್ಕೆ ಅವನು ಕಿವಿ ಮುಚ್ಚಿಕೊಂಡು ಚೀರಿದರೆ, "ನೋಡೋಕೆ ಚೆನ್ನಾಗೇ ಇದ್ದಾನಲ್ಲ, ಹಟ ಬಿಡಿಸಿ" ಎಂಬ ಉಪದೇಶ ದಾದರ್ ಬರುವವರೆಗೂ ನಿಲ್ಲುವುದಿಲ್ಲ.

ನೋಡಬೇಕಾದದ್ದು ನಡವಳಿಕೆ. ಹೆಸರು ಕರೆದರೆ ಮಗು ತಿರುಗುತ್ತದೆಯೇ, ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತದೆಯೇ, ಖುಷಿಯಾದಾಗ ನಿಮ್ಮ ಮುಖ ನೋಡುತ್ತದೆಯೇ. 16ರಿಂದ 30 ತಿಂಗಳ ಮಕ್ಕಳಿಗೆ ಹೆತ್ತವರು ಉತ್ತರಿಸುವ ಎಂ-ಚಾಟ್ ಎಂಬ ಆಟಿಸಂ ಪ್ರಶ್ನಾವಳಿ ಇದೆ. ಅದು ಮೊದಲ ಜರಡಿ ಮಾತ್ರ, ನಿರ್ಣಯ ಮಾಡಬೇಕಾದವರು ತಜ್ಞರೇ. ನಮ್ಮ ದೇಶದಲ್ಲಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಐಸಾ (ISAA) ಎಂಬ ಆಟಿಸಂ ಮಾಪನದಲ್ಲಿ 40 ಅಂಶಗಳಿವೆ: ಮಾತು, ಒಡನಾಟ, ವರ್ತನೆ, ಭಾವನೆ, ಇಂದ್ರಿಯ ಸಂವೇದನೆ ಇತ್ಯಾದಿ. ಹಣೆ ಅಳೆಯುವ ಟೇಪು ಅದರಲ್ಲಿಲ್ಲ. ಸಂಪಾದಕರು ಲೇಖನದಿಂದ ಆ ಸಾಲನ್ನು ತೆಗೆದರೆ ಒಳ್ಳೆಯದು.