ಬೆವರುವುದಕ್ಕೆ ತ್ರೀ ಫೇಸ್

2024ರಿಂದೀಚೆಗೆ ಕಾಫಿಗೆ ದಾಖಲೆ ಬೆಲೆ ಬಂದ ಮೇಲೆ ಚಿಕ್ಕಮಗಳೂರು ಜಿಲ್ಲೆಯ ತೋಟದ ಮನೆಗಳಲ್ಲಿ ಹೊಸದೊಂದು ಕೊರತೆ ಎದ್ದು ಕಾಣತೊಡಗಿದೆ. ಹೊಂಡ ಬಿದ್ದ ರಸ್ತೆ, ತೋಟಕ್ಕೆ ನುಗ್ಗುವ ಆನೆ, ಕೊಯ್ಲಿಗೆ ಸಿಗದ ಆಳು ಇವೆಲ್ಲ ಹಳೆಯ ತಲೆನೋವುಗಳಾಗಿ ಒಗ್ಗಿಹೋಗಿವೆ. ಮನೆಯೊಳಗೆ ಕುಳಿತು ಬೆವರುವುದಕ್ಕೆ ತಕ್ಕ ಅನುಕೂಲವಿಲ್ಲದಿರುವುದೇ ಈಗಿನ ಚಿಂತೆ. ತೋಟದಲ್ಲೇ ಬೆವರಬಹುದಲ್ಲ ಎಂದು ಕೇಳುವವರಿಗೆ ವಿಷಯದ ಗಾಂಭೀರ್ಯ ತಿಳಿದಿಲ್ಲ. ತೋಟದಲ್ಲಿ ಬೆವರಲು ದಿನಗೂಲಿಯ ಜನರಿದ್ದಾರೆ, ಮಾಲೀಕರು ಬೆವರಲು ಸೌನಾ ಬೇಕು.

ಸೌನಾ ಫಿನ್ಲೆಂಡಿನದು. ಸುಮಾರು 55 ಲಕ್ಷ ಜನರಿರುವ ಆ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆಯಂತೆ. 2020ರಲ್ಲಿ ಯುನೆಸ್ಕೊ ಆ ಪದ್ಧತಿಯನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿಸಿತು. ಹಲಗೆ ಹೊಡೆದ ಪುಟ್ಟ ಕೋಣೆಯಲ್ಲಿ ಒಲೆಯ ಮೇಲೆ ಕಲ್ಲುಗಳನ್ನು ಕಾಯಿಸಿ, 80–90 ಡಿಗ್ರಿ ಬಿಸಿಯಲ್ಲಿ ಕುಳಿತು, ಕಾದ ಕಲ್ಲಿಗೆ ಆಗಾಗ ನೀರು ಹೊಯ್ದು, ಭುಸ್ಸನೆ ಏಳುವ ಹಬೆಗೆ ಮೈಯೊಡ್ಡುವುದು ಅಲ್ಲಿಯ ಕ್ರಮ. ಕೆರೆಗಳೇ ಹೆಪ್ಪುಗಟ್ಟುವ ನಾಡಿನವರು ಹಾಗೆ ಮಾಡಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನಿಲ್ಲ.

ನಮ್ಮ ಬಚ್ಚಲುಮನೆಯೂ ಇದಕ್ಕೆ ತೀರ ದೂರದ್ದಾಗಿರಲಿಲ್ಲ. ಅಲ್ಲಿ ತಾಮ್ರದ ಹಂಡೆಯಿತ್ತು, ಅದರಡಿಯಲ್ಲಿ ಬೂದಿಯೊಳಗೆ ರಾತ್ರಿಯಿಡೀ ಕೆಂಡ ಉಳಿಸಿಕೊಳ್ಳುವ ಕಾಫಿ ಕುಂಟೆಯಿತ್ತು, ಆರಿದ್ರೆ ಮಳೆಯಲ್ಲಿ ತೊಯ್ದು ಬಂದವರ ಮೈ ಕೆಂಪಾಗುವಂಥ ನೀರಿತ್ತು, ಎಣ್ಣೆಸ್ನಾನ ಮಾಡಿಸಿ ಕಂಬಳಿ ಹೊದಿಸಿ ಬೆವರಿಳಿಸುವ ಅಜ್ಜಿಯೂ ಇದ್ದರು. ಹೊಗೆಗೆ ಗೋಡೆ ಕಪ್ಪಾಗುತ್ತದೆ, ಬೆಂಗಳೂರಿನ ಬೀಗರೆದುರು ಮರ್ಯಾದೆ ಹೋಗುತ್ತದೆ ಎಂದು ಆ ಬಚ್ಚಲನ್ನು ಒಡೆಸಿ, ಹಂಡೆಯನ್ನು ಗುಜರಿಯವನಿಗೆ ತೂಕಕ್ಕೆ ಹಾಕಿ, ಟೈಲ್ಸ್ ಅಂಟಿಸಿ ಗೀಸರ್ ತೂಗುಹಾಕಿದೆವು. ಈಗ ಅದೇ ಜಾಗದಲ್ಲಿ ಲಕ್ಷಗಟ್ಟಲೆ ಸುರಿದು, ಮೀಯುವ ನೀರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದೇವೆ.

ಆಯ್ಕೆಯೇನೂ ಸುಲಭವಲ್ಲ. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಕೂರುವ ಹಲಗೆಗೆ ಬೀಟೆಯೇ ಆಗಬೇಕೆಂದು ಹಟ ಹಿಡಿದರು. ಸ್ವಂತ ತೋಟದಲ್ಲಿ ನಿಂತ ಬೀಟೆಯನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದು ಒಂದು ತೊಡಕಾದರೆ, ಅಂಥ ಗಟ್ಟಿ ಮರ ಬಿಸಿಯನ್ನು ಹೀರಿಕೊಂಡು ಕುಳಿತವರ ತೊಡೆ ಸುಡುತ್ತದೆ ಎಂಬುದು ಇನ್ನೊಂದು. ಸೌನಾಕ್ಕೆ ಆಸ್ಪೆನ್, ಸೀಡರ್‌ನಂಥ ಹಗುರ ಮರವೇ ಆಗಬೇಕು. ಹೀಗಾಗಿ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಮರವೇ ಇರುವ ಮನೆಗೆ ಕೆನಡಾದ ಹಲಗೆ ಬಂದಿಳಿಯಿತು.

ಕೂಡಿಸಲು ಕರೆಸಿದ ಊರಿನ ಆಚಾರ್ರು ಕೇಳಿದ ಮೊದಲ ಪ್ರಶ್ನೆ, “ಗೌಡ್ರೇ, ಚಿಲಕ ಒಳಗಡೆಯೋ ಹೊರಗಡೆಯೋ?” ಎಂಬುದಾಗಿತ್ತು. ತಲೆಸುತ್ತು ಬಂದವರು ತಳ್ಳಿದ ಕೂಡಲೇ ಹೊರಬೀಳುವಂತೆ ಸೌನಾದ ಬಾಗಿಲು ಹೊರಕ್ಕೇ ತೆರೆಯಬೇಕು, ಅದಕ್ಕೆ ಚಿಲಕ ಇರಲೇಬಾರದು. ಇದನ್ನು ಕೇಳಿದ ಆಚಾರ್ರು ಬಾಚಿ ಕೆಳಗಿಟ್ಟು, ಬಟ್ಟೆ ಬಿಚ್ಚಿ ಕೂರುವ ಕೋಣೆಗೆ ಗಾಜಿನ ಬಾಗಿಲು, ಅದಕ್ಕೆ ಚಿಲಕವೂ ಇಲ್ಲ, ಮನೆಯಲ್ಲಿ ಸೊಸೆಯಂದಿರಿದ್ದಾರೆ ಎಂದಷ್ಟೇ ಹೇಳಿ ಎಲೆಅಡಿಕೆ ಹಾಕಿಕೊಳ್ಳಲು ಎದ್ದು ಹೋದರು. ಜಾತ್ರೆಯ ಪರದೆಯೊಂದನ್ನು ಇಳಿಬಿಡುವುದೆಂದು ಕೊನೆಗೆ ತೀರ್ಮಾನವಾಯಿತು.

ಆದರೆ ಇಡೀ ವ್ಯವಹಾರದ ನಿಜವಾದ ಸೊಗಸಿರುವುದು ಕರೆಂಟಿನಲ್ಲಿ. ಕೋಣೆಯ ಒಂದೊಂದು ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಎಂಬುದು ಹೀಟರಿನ ಲೆಕ್ಕವಾದ್ದರಿಂದ, ನಾಲ್ಕು ಜನ ಕೂರುವ ಸೌನಾಕ್ಕೆ ಎಂಟೊಂಬತ್ತು ಕಿಲೋವ್ಯಾಟ್ ಬೇಕು. ಅಷ್ಟಕ್ಕೆ ತ್ರೀ ಫೇಸ್ ಸಂಪರ್ಕ ಬೇಕು. ಮಿಕ್ಸಿ ತಿರುಗಿಸಿದರೆ ಟಿವಿ ಮಂಕಾಗುವ ಮನೆಯಿಂದ ಒಂಬತ್ತು ಕಿಲೋವ್ಯಾಟ್ ಹೆಚ್ಚುವರಿ ಲೋಡಿಗೆ ಅರ್ಜಿ ಹೋಯಿತು. ಉದ್ದೇಶ ಎಂಬ ಜಾಗದಲ್ಲಿ ಬೆವರುವುದು ಎಂದು ಬರೆಯಲು ಸಂಕೋಚವಾಗಿ ‘ಕಾಫಿ ಒಣಗಿಸಲು’ ಎಂದು ಬರೆದರಂತೆ. ಮಳೆಗಾಲದಲ್ಲಿ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದು ಗೊತ್ತಿದ್ದುದರಿಂದ ಡೀಸೆಲ್ ಜನರೇಟರೂ ಬಂತು. ಸೌದೆ ಉರಿಸುವ ಸೌನಾ ಒಲೆಯೂ ಇದೆ ಎಂದು ಮಾರುವವರು ತಿಳಿಸಿದರಾದರೂ ಸೌದೆ ಎಂದ ಕೂಡಲೇ ಮನೆಯವರಿಗೆ ಹಳೆಯ ಬಚ್ಚಲು ನೆನಪಾಗಿ ಮಾತು ಅಲ್ಲಿಗೇ ನಿಂತಿತು.

ಬಳಕೆಯ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಮೊದಲ ವಾರ ನೆಂಟರಿಷ್ಟರೆಲ್ಲ ಬಂದು ಬೆವರಿ ಹೋದರು, ಹೋಂಸ್ಟೇಯ ಬಾಡಿಗೆ ಏರಿತು, ಜುಲೈ ಹೊತ್ತಿಗೆ ಸೌನಾದೊಳಗೆ ಮೊಮ್ಮಕ್ಕಳ ಯೂನಿಫಾರ್ಮು ತೂಗಾಡತೊಡಗಿತು. (ಹೀಟರಿನ ಮೇಲೆ ಬಟ್ಟೆ ಒಣಹಾಕಿ ಬೆಂಕಿ ಅನಾಹುತ ಮಾಡಿಕೊಳ್ಳುವುದು ಫಿನ್ಲೆಂಡಿನಲ್ಲೂ ಉಂಟು, ಆ ಮಟ್ಟಿಗೆ ನಾವು ಪರಂಪರೆಯನ್ನು ಶ್ರದ್ಧೆಯಿಂದಲೇ ಪಾಲಿಸುತ್ತಿದ್ದೇವೆ.)

ಈಗ ಮಾರುವವರು ಮತ್ತೆ ಬಂದಿದ್ದಾರೆ. ಫಿನ್ಲೆಂಡಿನವರು ಸೌನಾದಿಂದೆದ್ದು ನೇರವಾಗಿ ಹಿಮದ ಕೆರೆಗೆ ಧುಮುಕುತ್ತಾರೆ, ಅದಿಲ್ಲದೆ ಸೌನಾ ಪೂರ್ಣವಾಗುವುದಿಲ್ಲ, ಆದ್ದರಿಂದ ನೀರನ್ನು ಹತ್ತು ಡಿಗ್ರಿಗೆ ಇಳಿಸುವ ಚಿಲ್ಲರ್ ಸಮೇತ ತೊಟ್ಟಿಯೊಂದನ್ನು ಕೂರಿಸಿಕೊಳ್ಳಬೇಕು ಎಂಬುದು ಅವರ ಸಲಹೆ. ಡಿಸೆಂಬರ್ ಬೆಳಗ್ಗೆ ಮುಖ ತೊಳೆಯಲು ನಲ್ಲಿ ತಿರುಗಿಸಿದರೆ ಬೆರಳು ಸೆಟೆದುಕೊಳ್ಳುವ ಮನೆಯಲ್ಲಿ ಗೌಡರು ಅದಕ್ಕೂ ಒಪ್ಪಿ ಮುಂಗಡ ಕೊಟ್ಟಾಗಿದೆ. ತೊಟ್ಟಿಯನ್ನು ಹೊತ್ತ ಲಾರಿ ಮನೆಯವರೆಗೆ ಬರಲು ತೋಟದ ದಾರಿಯ ಕಿರುಸೇತುವೆ ಸಾಲದಾದ್ದರಿಂದ, ಬೆಟ್ಟದಿಂದ ಕೊರೆಯುವ ತಣ್ಣನೆಯ ನೀರು ತಂದು ಮನೆಯ ಹಿಂದೆಯೇ ಹರಿಯುವ ಹಳ್ಳಕ್ಕೆ ಪೈಪು ಹಾಕಿ, ಮೇಲೆ ಮಣ್ಣು ಮುಚ್ಚುವ ಕೆಲಸ ಸೋಮವಾರದಿಂದ ಜೆಸಿಬಿಯಲ್ಲಿ ನಡೆದಿದೆ.