ಹೋಳಿಗೆ ಬುಟ್ಟಿ ಇಟ್ಕೊಂಡೋನಿಗೇ ತುಪ್ಪ

ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ, ಟೆಕ್ಸಾಸು ಸ್ವಾಮಿ ಇದು, ಪಕ್ಕದವನು ಒಂದು ಹಳೇ ಫೋರ್ಡ್ ಎಕ್ಸ್‌ಕರ್ಷನ್ ಅನ್ನೋ ದೈತ್ಯ ಎಸ್‌ಯುವಿ ತಂದು ನಿಲ್ಲಿಸಿದಾನೆ. ಹತ್ತಿರ ಹತ್ತಿರ 19 ಅಡಿ ಉದ್ದ. ಮೂತಿ ಗೋಡೆಗೆ ತಾಗ್ತಿದ್ರೂ ಬಾಲ ರಸ್ತೇಲೇ ಇರತ್ತೆ. ಇಲ್ಲಿ ಸ್ಟೀರಿಂಗು ಎಡಗಡೆ, ಆದ್ರೆ ಅವತ್ತಿಂದ ನಾನು ನನ್ನ ಕಾರಿಗೆ ಎಡಗಡೆ ಬಾಗಿಲಲ್ಲಿ ಹತ್ತಂಗಿಲ್ಲ, ಬಲಗಡೆಯಿಂದ ತೆವಳ್ಕೊಂಡು ಬರ್ಬೇಕು.

ಇದರ ಜಾತಕ ಗೊತ್ತಲ್ಲ, 1999ರ ಕೊನೇಲಿ ಬಂತು, 2005ಕ್ಕೆ ನಿಂತೋಯ್ತು. ಎಫ್-250 ಸೂಪರ್ ಡ್ಯೂಟಿ ಟ್ರಕ್ಕಿಗೇ ಮಾಡು ಹೊದಿಸಿ ಒಂಬತ್ತು ಜನ ಕೂರೋ ಹಾಗೆ ಸೀಟು ಹಾಕಿದ್ದು. ಟ್ಯಾಂಕು 44 ಗ್ಯಾಲನ್, ಅಂದ್ರೆ 166 ಲೀಟರು! ಮೈಲೇಜ್ ಎಷ್ಟು ಅಂತ ಗಾಜಿನ ಮೇಲೆ ಚೀಟಿ ಅಂಟಿಸ್ತಿರ್ಲಿಲ್ಲ, ಯಾಕಂದ್ರೆ ಲೋಡ್ ಸೇರಿ 8,500 ಪೌಂಡ್ ದಾಟಿದ ಗಾಡಿಗೆ ಆ ಚೀಟಿನೇ ಬೇಡ ಅಂತ ಆಗ ಸರ್ಕಾರದ ರೂಲಿತ್ತು. ಮದುವೆ ಊಟದಲ್ಲಿ ಎರಡು ಹೋಳಿಗೆ ತಿಂದೋನ ಲೆಕ್ಕ ಬರ್ಕೊಂಡು, ಬುಟ್ಟಿನೇ ಮುಂದಿಟ್ಕೊಂಡು ಕೂತೋನಿಗೆ ತುಪ್ಪ ಬಡಿಸ್ದಂಗೆ.

ತುಪ್ಪ ಅಂದ್ನಲ್ಲ, ಅದನ್ನೂ ಬಡಿಸಿದ್ರು. 6,000 ಪೌಂಡ್ ದಾಟಿದ ಗಾಡಿನ ಬಿಸಿನೆಸ್ಸಿಗೆ ಅಂತ ತೋರಿಸಿದ್ರೆ 2003ರಲ್ಲಿ ಒಂದು ಲಕ್ಷ ಡಾಲರ್‌ವರೆಗೆ ಅದೇ ವರ್ಷ ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೀಬಹುದಿತ್ತು. ಉಳೋ ರೈತನಿಗೆ, ಸಾಮಾನು ಹೇರೋನಿಗೆ ಬೇಕಾದ್ದು ನಿಜ, ಆದ್ರೆ ಹಲ್ಲು ಕೀಳೋ ಡಾಕ್ಟ್ರಿಗೂ ಸಿಗ್ತಿತ್ತು, ಹಲ್ಲು ಅಷ್ಟು ಭಾರ ಅಂತ ಕಾಣತ್ತೆ. ಮುಂದಿನ ವರ್ಷ ನಾಚ್ಕೊಂಡು 25,000ಕ್ಕೆ ಇಳಿಸಿದ್ರು.

ಸಿಯೆರಾ ಕ್ಲಬ್ ಅನ್ನೋ ಪರಿಸರ ಸಂಘದವರು 1989ರಲ್ಲಿ ಅಲಾಸ್ಕಾ ಸಮುದ್ರದಲ್ಲಿ ಎಣ್ಣೆ ಚೆಲ್ಲಿದ ಎಕ್ಸಾನ್ ವಾಲ್ಡೀಜ್ ಹಡಗಿನ ನೆನಪಿಗೆ ಇದಕ್ಕೆ ಫೋರ್ಡ್ ವಾಲ್ಡೀಜ್ ಅಂತ ನಾಮಕರಣ ಮಾಡಿದ್ರು. ಕಂಪನಿನೂ 2000ದಲ್ಲಿ ತನ್ನ ವರದೀಲೇ ಎಸ್‌ಯುವಿಗಳಿಂದ ಪರಿಸರಕ್ಕೆ ತೊಂದ್ರೆ ಅಂತ ಒಪ್ಕೊಳ್ತು, ಆ ಕಡೆ ಇದನ್ನ ಮಾರ್ತಾನೂ ಇತ್ತು. ಮಗೂನ ಚಿವುಟಿ ತೊಟ್ಟಿಲು ತೂಗೋದಂದ್ರೆ ಇದೇ.

ಹ್ಞಾ, ಮುಂದಿನ ಬಂಪರ್ ಕೆಳಗೆ ಒಂದು ಕಬ್ಬಿಣದ ಅಡ್ಡಪಟ್ಟಿ ಇದೆ. ಗುದ್ದಿದಾಗ ಸಣ್ಣ ಕಾರು ಇದರಡಿಗೆ ನುಗ್ಗದಿರ್ಲಿ ಅಂತ. ಎಂಥಾ ಕರುಣೆ ಅಂತ ಬರೆಯೋಕೆ ಹೊರಟಿದ್ದೆ, ಕೈ ಬರ್ತಿಲ್ಲ. ಆ ಸಣ್ಣ ಕಾರಲ್ಲಿ ಕೂತಿರೋದು ನಾವು ಕಣ್ರೀ. ಅಷ್ಟೆತ್ತರ ಕಟ್ಟಿ ಅಂತ ಯಾರು ಕೇಳಿದ್ರು?

ನಿನ್ನೆ ಪಕ್ಕದವನು ಬಾನೆಟ್ ಎತ್ತಿ 7.3 ಲೀಟರ್ ಡೀಸೆಲ್ ಇಂಜಿನ್ ತೋರಿಸ್ದ, ಈಗ್ಲೂ ಒಳ್ಳೇ ರೇಟಿದೆಯಂತೆ. ಒಂಟಿ ಮನುಷ್ಯ, ಮನೇಲಿ ಬೆಕ್ಕೂ ಇಲ್ಲ. ಚೆನ್ನಾಗಿದೆ ಅಂತ ಹೇಳಿ ನಾನು ಬಲಗಡೆ ಬಾಗಿಲು ತೆಗೆದೆ.