ಇಸ್‌ವಾಲ್ಫಾಗೆ ಕನ್ನಡ ಅಕ್ಷರ ಗೊತ್ತಿಲ್ಲ ಅನ್ನೋದು ತಪ್ಪು

‘ಕೊಟ್ಟ ಚಿಹ್ನೆ ಅಕ್ಷರವೇ ಎಂದು ಪರೀಕ್ಷಿಸುವ, ಸಿ ಪ್ರೋಗ್ರಾಮಿಂಗ್ ಭಾಷೆಯ ಇಸ್‌ವಾಲ್ಫಾ (iswalpha) ಫಂಕ್ಷನ್ ಇಂಗ್ಲಿಷ್‌ಗಷ್ಟೇ, ಕನ್ನಡ ಅಕ್ಷರ ಕೊಟ್ಟರೆ ಸೊನ್ನೆ (ಅಂದರೆ ‘ಅಲ್ಲ’) ಬರುತ್ತದೆ’ ಎಂಬ ಮಾತು ಹರಿದಾಡುತ್ತಿದೆ. ಸೊನ್ನೆ ಬರುವುದುಂಟು, ನಿಜ. ಆದರೆ ಕಾರಣ ಬೇರೆ.

ಲೊಕೇಲ್ ಎಂದರೆ ಭಾಷೆ ಮತ್ತು ಲಿಪಿಗೆ ಸಂಬಂಧಿಸಿದ ಸೆಟ್ಟಿಂಗ್. ಸಿ ಪ್ರೋಗ್ರಾಂ ಶುರುವಾಗುವುದೇ ‘ಸಿ’ ಎಂಬ ಹೆಸರಿನ ಮೂಲ ಲೊಕೇಲ್‌ನಲ್ಲಿ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ (glibc) ಆಗ ಆಸ್ಕಿ ಅಕ್ಷರಗಳಿಗೆ, ಅಂದರೆ ಇಂಗ್ಲಿಷ್ ಅಕ್ಷರಗಳಿಗೆ, ಮಾತ್ರ ಮನ್ನಣೆ. ಮೊದಲೇ ಸೆಟ್‌ಲೊಕೇಲ್ (setlocale) ಫಂಕ್ಷನ್ ಕರೆದು, ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಲೊಕೇಲ್ ಹಾಕಿಕೊಳ್ಳಿ, ‘ಕ’ ಕೂಡ ಅಕ್ಷರವೇ ಆಗುತ್ತದೆ. ಉತ್ತರ 1 ಎಂದೇ ಬರಬೇಕಿಲ್ಲ, ಸೊನ್ನೆಯಲ್ಲದ ಯಾವ ಸಂಖ್ಯೆಯಾದರೂ ‘ಹೌದು’ ಎಂದೇ ಅರ್ಥ. 1ಕ್ಕೆ ಹೋಲಿಸಿ ನೋಡಿ ‘ಕೆಲಸ ಮಾಡಲ್ಲ’ ಅಂದರೆ ಅದು ಫಂಕ್ಷನ್ ತಪ್ಪಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ‘ಅಮ್ಮ’ ಪದ ತೆಗೆದುಕೊಳ್ಳಿ. ಅದರೊಳಗೆ ನಾಲ್ಕು ವೈಡ್ ಕ್ಯಾರೆಕ್ಟರ್‌ಗಳಿವೆ (ಈ ಫಂಕ್ಷನ್ ಒಂದೊಂದಾಗಿ ಪರೀಕ್ಷಿಸುವ ಚಿಹ್ನೆಗಳು): ಅ, ಮ, ಒತ್ತಕ್ಷರ ಮೂಡಿಸುವ ‘್’ (ಇದರ ಹೆಸರು ವಿರಾಮ), ಮತ್ತೆ ಮ. ಎಲ್ಲ ಲಿಪಿಗಳ ಚಿಹ್ನೆಗಳನ್ನು ಪಟ್ಟಿ ಮಾಡುವ ಯೂನಿಕೋಡ್ ಮಾನದಂಡ ಆ ವಿರಾಮವನ್ನು ಅಕ್ಷರದ ಸಾಲಿಗೆ ಸೇರಿಸಿಲ್ಲ, ಹಾಗಾಗಿ ಅಲ್ಲಿ ಸೊನ್ನೆ ಬರುತ್ತದೆ. ಜಿಲಿಬ್‌ಸಿಯಲ್ಲಿ ಕನ್ನಡ ಅಂಕಿ ‘೫’ ಆದರೋ ಅಕ್ಷರ ಅನ್ನಿಸಿಕೊಳ್ಳುತ್ತದೆ! ಸಿ ಮಾನದಂಡದಲ್ಲಿ ಅಂಕಿಯ ಗುಂಪು 0ಯಿಂದ 9ಕ್ಕೇ ಮೀಸಲು, ಅದಕ್ಕೇ ಹೀಗೆ.

ಕನ್ನಡದ ಹೆಸರುಗಳನ್ನು ಇದೊಂದೇ ಪರೀಕ್ಷೆಯಿಂದ ಸೋಸಬೇಡಿ, ಒತ್ತಕ್ಷರವಿರುವ ಹೆಸರೆಲ್ಲ ತಿರಸ್ಕಾರವಾಗುತ್ತವೆ.